ಚನ್ನರಾಯಪಟ್ಟಣದ ರೈತರನ್ನು ನೆನೆದು

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ಇತ್ತೀಚೆಗೆ ಮತ್ತೆ ಮತ್ತೆ ನೆನಪಾಗುತ್ತಿದ್ದಾರೆ. ವೈಮಾನಿಕ ಉದ್ಯಮಗಳಿಗಾಗಿ 13 ಹಳ್ಳಿಗಳ 1,777 ಎಕರೆ ಭೂಮಿ ಬೇಕೆಂದು ಸರ್ಕಾರ ಹೊರಟಾಗ, 2022ರ ಏಪ್ರಿಲ್‌ನಲ್ಲಿ ಅವರು ಧರಣಿ ಕುಳಿತರು. ರಾಗಿ, ದ್ರಾಕ್ಷಿ, ಹಿಪ್ಪುನೇರಳೆ ಬೆಳೆಯುವ ಮಣ್ಣು ಅದು. ಹಸು ಕರೆದು, ಕಳೆ ಕಿತ್ತು, ಆಮೇಲೆ ಧರಣಿಗೆ ಬರುವುದೆಂದರೆ ಎಂಥ ಗಟ್ಟಿ ಜೀವ! ಅದೂ ಮೂರು ವರ್ಷಕ್ಕೂ ಹೆಚ್ಚು ಕಾಲ. ನಡುವೆ ಸರ್ಕಾರ ಬದಲಾಯಿತು, ಯೋಜನೆ ಹಾಗೆಯೇ ಉಳಿಯಿತು. 2025ರ ಜೂನ್ 25ರಂದು ಪೊಲೀಸರು ಪ್ರತಿಭಟನಕಾರರನ್ನು ವಶಕ್ಕೆ ಪಡೆದ ಮೇಲೆ ದಲಿತ, ಕಾರ್ಮಿಕ, ವಿದ್ಯಾರ್ಥಿ ಸಂಘಟನೆಗಳು ಇನ್ನಷ್ಟು ಬಲವಾಗಿ ಬೆನ್ನಿಗೆ ನಿಂತವು. ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಭೂಸ್ವಾಧೀನ ಕೈಬಿಡುವುದಾಗಿ ಘೋಷಿಸಿದರು.

ಸುದ್ದಿ ಓದಿ ಮನಸ್ಸು ತುಂಬಿ ಬಂದಿತ್ತು. ನಗರದಲ್ಲಿರುವ ನಾವು ಇಂಥ ಹೋರಾಟಗಳನ್ನು ಪರಿಹಾರದ ಮೊತ್ತದಿಂದಲೇ ಅಳೆಯುತ್ತೇವೆ. ಎಕರೆಗೆ ಎಷ್ಟು ಕೋಟಿ ಎಂದು ಕೇಳುತ್ತೇವೆ. ಅದೇ ಹೊಲದಲ್ಲಿ ಕೂಲಿ ಮಾಡುವ, ಸ್ವಂತ ಜಮೀನಿಲ್ಲದ ಹೆಂಗಸಿನ ಹೆಸರು ಪಹಣಿಯಲ್ಲಿ ಇರುವುದಿಲ್ಲ. ಆ ಕೋಟಿಯಲ್ಲಿ ಅವಳ ಪಾಲು ಎಷ್ಟು? ಭೂಸ್ವಾಧೀನ ಕೈಬಿಟ್ಟ ದಿನವೇ, ಒಪ್ಪಿದವರ ಜಮೀನು ಕೊಳ್ಳುವುದಾಗಿ ಸರ್ಕಾರ ಹೇಳಿದೆ. ಮಾಲೀಕರು ಮಾರಿದರೆ ಅವಳ ಕೂಲಿಯೂ ಹೋಗುತ್ತದೆ, ಹಾಗಾಗಿ ನನಗೆ ಅವಳದೇ ಚಿಂತೆ.