ಬೈಕಿನ ಮೊಬೈಲ್ ಚಾರ್ಜರಿಗೆ ರಿಲೇ ಬೇಕೇ ಬೇಕು
ವಿಜಯಪುರದಿಂದ ಹುಬ್ಬಳ್ಳಿ ಕಡೆ ದೂರ ಹೊರಟಾಗ ಹ್ಯಾಂಡಲ್ ಮೇಲೆ ಮೊಬೈಲ್, ಅದರಲ್ಲಿ ಮ್ಯಾಪ್, ವೇಗಮಿತಿಯ ಎಚ್ಚರಿಕೆ ಇದ್ದರೆ ಬಹಳ ಅನುಕೂಲ. ಆದರೆ ಚಾರ್ಜರನ್ನು ನೇರವಾಗಿ ಬ್ಯಾಟರಿಗೆ ಜೋಡಿಸಬೇಡಿ. ಕೀಲಿ ತೆಗೆದರೂ ಅದು ಚೂರು ಕರೆಂಟ್ ಎಳೆಯುತ್ತಲೇ ಇರುತ್ತದೆ. ಗಾಡಿ ವಾರಗಟ್ಟಲೆ ನಿಂತರೆ ಬ್ಯಾಟರಿ ಇಳಿಯುತ್ತದೆ.

12 ವೋಲ್ಟಿನ ನಾಲ್ಕು ಪಿನ್ ರಿಲೇ ತನ್ನಿ. ಕೀಲಿ ತಿರುಗಿಸಿದಾಗ ಮಾತ್ರ ಚಾರ್ಜರಿಗೆ ಕರೆಂಟ್ ಬಿಡುವ ಸ್ವಿಚ್ ಇದು. ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ. ರಿಲೇಯ ಪಿನ್‌ಗಳ ಸಂಖ್ಯೆ ನೋಡಿ ಜೋಡಿಸಿ: 30ಕ್ಕೆ ಬ್ಯಾಟರಿಯ ಪ್ಲಸ್, 87ರಿಂದ ಚಾರ್ಜರಿನ ಕೆಂಪು ವೈರ್, 85 ಅರ್ಥಿಂಗಿಗೆ, 86ಕ್ಕೆ ಕೀಲಿ ತಿರುಗಿಸಿದಾಗ ಮಾತ್ರ 12 ವೋಲ್ಟ್ ಬರುವ ವೈರ್. ಆ ವೈರನ್ನು ಮೊದಲೇ ಮಲ್ಟಿಮೀಟರ್ ಹಿಡಿದು ಗುರುತು ಮಾಡಿಕೊಳ್ಳಿ, ಬಣ್ಣ ನಂಬಬೇಡಿ. 18 ವ್ಯಾಟಿನ ಚಾರ್ಜರ್ ಎಳೆಯುವುದು ಸುಮಾರು 2 ಆಂಪಿಯರ್, 5 ಆಂಪಿಯರ್ ಫ್ಯೂಸ್ ಸಾಕು. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ. ಚಾರ್ಜರಿನ ಹತ್ತಿರ ಹಾಕಿದರೆ, ನಡುವಿನ ವೈರ್ ಉಜ್ಜಿ ಚಾಸಿಗೆ ತಾಗಿದಾಗ ಫ್ಯೂಸ್ ಹಾರುವುದೇ ಇಲ್ಲ, ವೈರ್ ಸುಡುತ್ತದೆ.

ಹೆಚ್ಚಾಗಿ ವೈರ್ ತುಂಡಾಗುವುದು ಹ್ಯಾಂಡಲ್ ತಿರುಗುವ ಜಾಗದಲ್ಲಿ. ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ, ಸಡಿಲ ಬಿಟ್ಟ ಮೇಲೇ ಕೇಬಲ್ ಟೈ ಬಿಗಿಯಿರಿ.

ಎಂಜಿನ್ನಿನ ನಡುಕ ಮೊಬೈಲ್ ಕ್ಯಾಮೆರಾವನ್ನು ಕೆಡಿಸಬಲ್ಲದು. ರಬ್ಬರ್ ಡ್ಯಾಂಪರ್ ಇರುವ ಹೋಲ್ಡರೇ ಕೊಳ್ಳಿ. ಏಪ್ರಿಲ್ ಬಿಸಿಲಲ್ಲಿ ಚಾರ್ಜ್ ನಿಂತರೆ ವೈರಿಂಗ್ ಬಿಚ್ಚುವ ಮೊದಲು ಫೋನನ್ನು ನೆರಳಲ್ಲಿಟ್ಟು ಆರಲು ಬಿಡಿ.