ದೇವರು ಮೊದಲು ಅಂದ್ರೆ ಮನೆಯವರು ಆಮೇಲಾ?

ನನ್ನದು ಹುಮನಾಬಾದಿನಲ್ಲಿ ಬೀಜ, ಗೊಬ್ಬರದ ಸಣ್ಣ ಅಂಗಡಿ. ರವಿವಾರ ಬೆಳಿಗ್ಗೆ ಒಂಬತ್ತಕ್ಕೆ ಚರ್ಚಿಗೆ ಅಂತ ಶಟರ್ ಎಳೆದರೆ ಮತ್ತೆ ತೆಗೆಯುವುದು ಮಧ್ಯಾಹ್ನವೇ. ಮಿರಗ (ಮೃಗಶಿರಾ) ಮಳೆ ಬಿದ್ದ ವಾರದಲ್ಲಿ ಇದು ರೈತರಿಗೆ ಸಿಟ್ಟು ತರಿಸುತ್ತದೆ. ಸೋಯಾ ಬೀಜಕ್ಕೆ ಬಂದವರು ಕೇಳೇ ಕೇಳುತ್ತಾರೆ: "ಅಣ್ಣಾರ, ದೇವರು ಮೊದಲು ಅಂತೀರಿ. ಅಂದ್ರ ಗಿರಾಕಿ ಆಮ್ಯಾಲ, ಮನಿ ಮಂದಿ ಆಮ್ಯಾಲ ಏನ್ರಿ?" ಚರ್ಚಿನ ಹುಡುಗರೂ ಸುತ್ತಿಬಳಸಿ ಇದನ್ನೇ ಕೇಳುತ್ತಾರೆ. ಪಗಾರ ಬಂದಾಗ ಮೊದಲು ದಶಮಾಂಶ, ಅಂದರೆ ದೇವರಿಗೆ ಅಂತ ಹತ್ತನೇ ಒಂದು ಪಾಲು, ತೆಗೆದಿಡಬೇಕಾ, ಅವ್ವನ ಔಷಧಿ ತರಬೇಕಾ ಅಂತ.

ಔಷಧಿ ತರಬೇಕು. ಇದರಲ್ಲಿ ಯೋಚನೆ ಮಾಡುವಂಥದ್ದೇನಿಲ್ಲ. ಮಾರ್ಕನ ಸುವಾರ್ತೆ 7ನೇ ಅಧ್ಯಾಯ ಓದಿ. ಅಪ್ಪ ಅವ್ವನಿಗೆ ಕೊಡಬೇಕಾದದ್ದನ್ನು 'ಕೊರ್ಬಾನ್', ಅಂದರೆ ದೇವರಿಗೆ ಮೀಸಲು ಅಂತ ಹೇಳಿ ಜಾರಿಕೊಳ್ಳುವವರನ್ನು ಯೇಸು ಅಲ್ಲಿ ಖಾರವಾಗಿಯೇ ಬೈಯುತ್ತಾನೆ. ಅಂಗಡಿಯ ವಿಷಯವೂ ಹಾಗೇ. ಮೊದಲೆಲ್ಲ ನಾನು ರವಿವಾರ ಬೆಳಿಗ್ಗೆ ಬಾಗಿಲೇ ತೆಗೆಯುತ್ತಿರಲಿಲ್ಲ. ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು. ಆದರೆ ಕೆಲಸ ಮಾಡಬಾರದ ಸಬ್ಬತ್ ದಿನ ಎತ್ತು ಬಾವಿಗೆ ಬಿದ್ದರೆ ನೀವು ಎಳೆಯುವುದಿಲ್ಲವೇ ಅಂತ ಕೇಳಿದ ಯೇಸುವಿನ ಹೆಸರಿನಲ್ಲಿ, ಬಿತ್ತನೆಗೆ ನಿಂತವನನ್ನು ಬರಿಗೈಲಿ ಕಳಿಸುವುದು ಹೇಗೆ? ಈಗ ಮಿರಗದ ರವಿವಾರ ಆರು ಗಂಟೆಗೇ ತೆಗೆಯುತ್ತೇನೆ.

'ಮೊದಲು' ಅನ್ನುವ ಮಾತಿನ ಅರ್ಥ ನಾನು ಕಲಿತದ್ದು ಅವ್ವನಿಂದ. ಜೋಳ ಬೀಸಲು ಕೊಡುವ ಮುಂಚೆ ಅವ್ವ ಮೊರದಲ್ಲಿ ಹಸನು ಮಾಡುತ್ತಿದ್ದಳು. ಕೇರಿ, ಊದಿ, ಕಲ್ಲು ಆರಿಸಿದ ಮೇಲೆ ಮೊದಲ ಹಿಡಿ ಹಳೆಯ ಡಾಲ್ಡಾ ಡಬ್ಬಿಗೆ. ಡಬ್ಬಿ ತುಂಬಿದರೆ ಚರ್ಚಿಗೆ, ಅಲ್ಲಿಂದ ಊರಲ್ಲಿ ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲವೋ ಅಲ್ಲಿಗೆ. ಒಮ್ಮೆ ನಾನು ಆಟಕ್ಕೆ ಓಡುವ ಅವಸರದಲ್ಲಿ ಹಸನು ಮಾಡದ ಜೋಳವನ್ನೇ ಡಬ್ಬಿಗೆ ಸುರಿದೆ. ತಲೆ ಮೇಲೆ ಮೊಟಕಿದಳು. "ನಮಗ ಹಸನ ಮಾಡಿದ್ದು, ದೇವರಿಗೆ ಕಲ್ಲೇನು?" ಪಕ್ಕದ ಮನೆಯ ಅಜ್ಜಿ ಲಿಂಗಾಯತರು. ಲಿಂಗಕ್ಕೆ ಅರ್ಪಿಸದೆ ಒಂದು ತುತ್ತು ಬಾಯಿಗೆ ಹಾಕುತ್ತಿರಲಿಲ್ಲ. ಅವ್ವನ ಡಬ್ಬಿ ಯಾಕೆ ಅಂತ ಆ ಅಜ್ಜಿ ಒಂದು ದಿನವೂ ಕೇಳಲಿಲ್ಲ.

ಇನ್ನು ನನ್ನ ಕಥೆ. ಮೊದಲು ದೇವರ ರಾಜ್ಯವನ್ನು ಹುಡುಕಿರಿ ಅನ್ನುವ ಮಾತು ಮತ್ತಾಯನ 6ನೇ ಅಧ್ಯಾಯದಲ್ಲಿದೆ. ಕ್ರೈಸ್ತರ ಮನೆಗಳ ಕ್ಯಾಲೆಂಡರಿನಲ್ಲಿ ಬೇಕಾದಷ್ಟು ಸಲ ನೋಡಿದ್ದೇನೆ. ಆದರೆ ಯೇಸುವಿನ ಅದೇ ಉಪದೇಶದಲ್ಲಿ, ಹಿಂದಿನ ಅಧ್ಯಾಯದಲ್ಲಿ ಇನ್ನೊಂದು 'ಮೊದಲು' ಇದೆ. ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಅಣ್ಣತಮ್ಮನ ಜೊತೆ ರಾಜಿಯಾಗು ಅಂತ. 7ನೇ ಅಧ್ಯಾಯದಲ್ಲಿ ಮತ್ತೊಂದು: ಅಣ್ಣತಮ್ಮನ ಕಣ್ಣಿನ ಕಸ ತೆಗೆಯುವ ಮುಂಚೆ, ಮೊದಲು ನಿನ್ನ ಕಣ್ಣಿನ ತೊಲೆ ತೆಗೆ. ಈ ಎರಡನ್ನು ಯಾರೂ ಗೋಡೆಗೆ ತೂಗುಹಾಕಿದ್ದು ನಾನಂತೂ ಕಂಡಿಲ್ಲ.

ನನಗೂ ನನ್ನ ದೊಡ್ಡಣ್ಣನಿಗೂ ಹೊಲದ ಬದುವಿನ ಮೇಲೆ ಜಗಳವಾಗಿ ಎರಡು ವರ್ಷ ಮಾತಿರಲಿಲ್ಲ. ಒಂದೇ ಚರ್ಚು, ಅವನು ಎಡಕ್ಕೆ, ನಾನು ಬಲಕ್ಕೆ. ನಾವು ಮೆಥೋಡಿಸ್ಟರು, ಪ್ರೊಟೆಸ್ಟೆಂಟ್ ಕ್ರೈಸ್ತರಲ್ಲಿ ಒಂದು ಪಂಗಡ. ನಮ್ಮ ಪಂಗಡಕ್ಕೆ ಮೂಲವಾದ ಜಾನ್ ವೆಸ್ಲಿ 1755ರಲ್ಲಿ ಶುರುಮಾಡಿದ ಒಡಂಬಡಿಕೆಯ ಪ್ರಾರ್ಥನೆ ನಮ್ಮಲ್ಲಿ ಹೊಸ ವರ್ಷಕ್ಕೆ ಇರುತ್ತದೆ. ನಾನಿನ್ನು ನನ್ನವನಲ್ಲ ನಿನ್ನವನು, ಕೆಲಸಕ್ಕೆ ಹಚ್ಚಿದರೂ ಸರಿ ಪಕ್ಕಕ್ಕಿಟ್ಟರೂ ಸರಿ ಅನ್ನುವ ಅರ್ಥದ್ದು. ಆ ವರ್ಷ ಅದನ್ನು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವನು ನಾನೇ. ಅದೇ ತಿಂಗಳು, ತೊಗರಿ ರಾಶಿಯಾದ ಮೇಲೆ ಚರ್ಚಿನಲ್ಲಿ ಸುಗ್ಗಿ ಕಾಣಿಕೆಯ ಸವಾಲು, ಅಂದರೆ ಹರಾಜು, ನಡೆಯಿತು. ಒಂದು ಕುಂಬಳಕಾಯಿಯನ್ನು 1,800 ರೂಪಾಯಿಗೆ ಕೂಗಿ ತಗೊಂಡೆ. ಚಪ್ಪಾಳೆಯೋ ಚಪ್ಪಾಳೆ. ನನ್ನ ಕಣ್ಣು ಮಾತ್ರ ಎಡಗಡೆ ಸಾಲಿನ ಮೇಲಿತ್ತು, ಅಣ್ಣ ನೋಡಿದನಾ ಇಲ್ವಾ ಅಂತ.

ರಾತ್ರಿ ಹೆಂಡತಿ ಕುಂಬಳಕಾಯಿ ಹೆಚ್ಚುತ್ತಾ ಅಂದಳು: "ದೇವರಿಗೆ ಕೊಟ್ಟಿರೋ, ಭಾವನೋರಿಗೆ ತೋರಿಸಿದಿರೋ?"

ಮರುದಿನವೇ ಅಣ್ಣನ ಮನೆಗೆ ಓಡಿದೆ ಅಂತ ಬರೆದರೆ ಚೆನ್ನಾಗಿರುತ್ತಿತ್ತು, ಅಲ್ವಾ? ಮೂರು ವಾರ ಹಿಡಿಯಿತು. ಹೋದಾಗ ಅತ್ತಿಗೆ ಚಹಾ ಕೊಟ್ಟರು. ಅಣ್ಣ ಎತ್ತಿನ ಕಾಲುಬಾವಿನ ಬಗ್ಗೆ ಮಾತಾಡಿದ, ನಾನು ಗೊಬ್ಬರದ ರೇಟಿನ ಬಗ್ಗೆ. ಬದುವಿನ ಮಾತು ಇಬ್ಬರೂ ಎತ್ತಲಿಲ್ಲ. ಮುಂದಿನ ಬಿತ್ತನೆಗೆ ನಾನೇ ಎರಡು ಸಾಲು ಹಿಂದೆ ಸರಿದು ಕೂರಿಗೆ ಹೂಡಿಸಿದೆ. ಖುಷಿಯಿಂದ ಬಿಟ್ಟೆ ಅಂದರೆ ಸುಳ್ಳಾಗುತ್ತದೆ. ಈಗಲೂ ರಾಶಿ ಹೊತ್ತಿಗೆ, ಆ ಎರಡು ಸಾಲಿನ ತೊಗರಿ ಎಷ್ಟು ಕಿಲೋ ಆದೀತು ಅಂತ ಮನಸ್ಸು ತಾನಾಗಿಯೇ ಲೆಕ್ಕ ಹಾಕುತ್ತದೆ.