ಬೂತಾಯಿಯನ್ನು ದಕ್ಕೆಯಲ್ಲಿ ಅಳೆದರೆ ತಡವಾಯಿತು

ಒಂದು ಕಿಲೋ ಬೂತಾಯಿ (ಸಾರ್ಡೀನ್ ಮೀನು) ತೂಗಿ, ಅದರಲ್ಲಿ ಎಷ್ಟು ಮೀನಿದೆ ಎಂದು ಎಣಿಸಿ. ಮೂವತ್ತು, ಮೂವತ್ತೈದು ಬಂದರೆ ಉದ್ದ ಸುಮಾರು 15 ಸೆಂ.ಮೀ.; ಮೊಟ್ಟೆಯಿಡುವ ಪ್ರಾಯದ ಮೀನು. ನೂರು ದಾಟಿದರೆ 10 ಸೆಂ.ಮೀ. ಆಸುಪಾಸಿನ ಮರಿ. ಟೇಪು ಬೇಡ, ತಕ್ಕಡಿ ಸಾಕು.

ಈ ಎಣಿಕೆ ಬರೀ ಬೂತಾಯಿಯ ಲೆಕ್ಕವಲ್ಲ. ಸೂಕ್ಷ್ಮ ಪಾಚಿ ತಿಂದು ಕೊಬ್ಬುವ ಈ ಮೀನು ಅಂಜಲ್, ಕೇದರ (ಟ್ಯೂನಾ), ತಾಟೆ (ಶಾರ್ಕ್), ಡಾಲ್ಫಿನ್, ಕಡಲಹಕ್ಕಿ ಎಲ್ಲದರ ಬುತ್ತಿ. ಇಂಥವನ್ನು ಮೇವಿನ ಮೀನು ಎನ್ನೋಣ. ಹತ್ತು ಸೆಂಟಿಮೀಟರಿನ ಒಂದು ಟನ್ ಮರಿ ಎಂದರೆ ಒಂದು ಲಕ್ಷ ಚಿಲ್ಲರೆ ಮೀನು. ಅವನ್ನು ಕೆಲವು ತಿಂಗಳು ಬಿಟ್ಟರೆ, ನಡುವೆ ಅರ್ಧದಷ್ಟು ಅಂಜಲಿನಂಥವುಗಳ ಹೊಟ್ಟೆ ಸೇರಿದರೂ, ಉಳಿದವು 15 ಸೆಂ.ಮೀ. ಆದಾಗ ಒಂದೂವರೆ ಟನ್ ಮೀರಿ ತೂಗುತ್ತವೆ. ಕಡಲಿಗೆ ಅದರ ಪಾಲು ಕೊಟ್ಟೂ ಬೋಟಿಗೆ ಹೆಚ್ಚು ಸಿಗುವ ವ್ಯವಹಾರ ಬೇರೆಲ್ಲೂ ಕಂಡಿಲ್ಲ.

ಕೇರಳ 2015ರಲ್ಲಿ ಬೂತಾಯಿಗೆ 10 ಸೆಂ.ಮೀ., ಬಂಗುಡೆಗೆ 14 ಸೆಂ.ಮೀ. ಕನಿಷ್ಠ ಉದ್ದವೆಂದು ನಿಗದಿ ಮಾಡಿತು. ಮೂತಿಯ ತುದಿಯಿಂದ ಬಾಲದ ತುದಿಯವರೆಗಿನ ಅಳತೆ ಅದು. ಒಳ್ಳೆಯ ಹೆಜ್ಜೆಯೇ. ಆದರೆ ಎರಡು ತೊಡಕು. ಮೊದಲನೆಯದು, ಹತ್ತು ಸೆಂಟಿಮೀಟರಿನ ಬೂತಾಯಿ ಇನ್ನೂ ಒಮ್ಮೆಯೂ ಮೊಟ್ಟೆ ಇಟ್ಟಿರುವುದಿಲ್ಲ. ಎರಡನೆಯದು ದೊಡ್ಡದು: ಮೀನು ಇಳಿಸುವ ದಕ್ಕೆಯಲ್ಲಿ ಅಳೆಯುವ ಹೊತ್ತಿಗೆ ಮೀನು ಸತ್ತಿರುತ್ತದೆ. ದಂಡ ಹಾಕಬಹುದು, ಮರಿಯನ್ನು ವಾಪಸು ಕಡಲಿಗೆ ಕಳಿಸಲಾಗದು.

ಹಾಗಾದರೆ ಬಲೆಯ ಕಣ್ಣು ದೊಡ್ಡದು ಮಾಡಿದರಾಯಿತಲ್ಲ ಎನ್ನುವವರಿದ್ದಾರೆ. ಟ್ರಾಲ್ ಬಲೆಯ ಚೀಲಕ್ಕೆ 35 ಮಿ.ಮೀ. ಚೌಕ ಕಣ್ಣು ಹಾಕಿದರೆ ಪ್ರಯೋಜನವಿದೆ. ಎಳೆಯುವಾಗಲೂ ಚೌಕ ಮುಚ್ಚಿಕೊಳ್ಳುವುದಿಲ್ಲ, ಸಣ್ಣದು ನುಸುಳಿ ಹೋಗುತ್ತದೆ. ಪರ್ಸೀನ್ ಬಲೆಯ ಗುಣವೇ ಬೇರೆ. ಅದು ಮೀನನ್ನು ಸೋಸುವ ಬಲೆಯಲ್ಲ, ಸುತ್ತ ಗೋಡೆ ಕಟ್ಟುವ ಬಲೆ. ಕಣ್ಣು ತುಸು ದೊಡ್ಡದಾದರೆ ಮರಿ ಆಚೆ ಹೋಗುವ ಬದಲು ತಲೆ ತೂರಿಸಿ, ಕಿವಿರು ಸಿಕ್ಕಿ, ಬಲೆಯ ಉದ್ದಕ್ಕೂ ತೋರಣದಂತೆ ನೇತಾಡುತ್ತದೆ. ಬಲೆ ಭಾರವಾಗಿ ಮುಳುಗುತ್ತದೆ, ಹರಿಯುತ್ತದೆ, ಬಿಡಿಸಲು ಇಡೀ ದಿನ ಬೇಕು. ಅದಕ್ಕೇ ಬೋಟು ನಡೆಸುವ ಯಾವ ತಾಂಡೇಲನೂ ಅದನ್ನು ಒಪ್ಪುವುದಿಲ್ಲ, ಅವನು ಒಪ್ಪದಿರುವುದು ಸರಿಯೇ. ಕೊಲ್ಲತರು ಎಂಬ ಪುಟ್ಟ ಮೀನಿಗೆಂದು ಮಾಡಿದ ಸಣ್ಣ ಕಣ್ಣಿನ ಬಲೆಯನ್ನು ಬೂತಾಯಿ ಮರಿಯ ಮೇಲೆ ಬೀಸುವುದನ್ನು ಮಾತ್ರ ಕಟ್ಟುನಿಟ್ಟಾಗಿ ತಡೆಯಬೇಕು.

ಪರ್ಸೀನಿನಲ್ಲಿ ಮರಿ ಉಳಿಯುವುದು ಬಲೆ ಬಿಡುವ ಮುಂಚಿನ ಹತ್ತು ನಿಮಿಷದಲ್ಲಿ. ಶಬ್ದದಲೆಯಿಂದ ಮೀನು ಹುಡುಕುವ ಸೋನಾರ್ ಹಿಂಡಿನ ಗಾತ್ರ ಹೇಳುತ್ತದೆ, ಮೀನಿನ ಗಾತ್ರ ಹೇಳುವುದು ಕಷ್ಟ. ಗಾಳ ಹಾಕಿ ನೋಡೋಣವೆಂದರೆ ಬೂತಾಯಿ ಗಾಳ ಕಚ್ಚುವ ಮೀನಲ್ಲ. ಸಣ್ಣ ದೋಣಿಯಿಂದ ಹಿಂಡಿನ ಅಂಚಿನಲ್ಲಿ ಒಂದು ಬೀಸುಬಲೆ ಹಾಕಿ ನೋಡುವುದೇ ಸುಲಭ. ನಡುವಿಗೆ ಬೀಸಿದರೆ ಹಿಂಡು ಬೆದರಿ ತಳಕ್ಕಿಳಿಯುತ್ತದೆ. ಸಿಕ್ಕಿದ್ದರಲ್ಲಿ ಬಹುಪಾಲು ಅಂಗೈಯೊಳಗೇ ಮುಗಿಯುವ ಮರಿಯಾದರೆ ಬೇರೆ ಹಿಂಡು ಹುಡುಕಬೇಕು.

ಬಲೆ ಬಿಟ್ಟಾದ ಮೇಲೆ ತಿಳಿದರೆ? ಅಡಿಯ ಹಗ್ಗ ಎಳೆದು ಮುಚ್ಚಿದ್ದರೂ ಒಳಗೆ ಮೀನಿಗೆ ಈಜುವ ಜಾಗ ಇರುವಾಗಲೇ ತೇಲುಗಳನ್ನು ಮುಳುಗಿಸಿ ಬಿಟ್ಟುಬಿಡಬೇಕು. ಬೋಟಿನ ಪಕ್ಕಕ್ಕೆ ತಂದು, ನೀರು ಬಸಿದು, ಮೀನು ಕುದಿಯುವಂತೆ ಕಾಣುವ ಹೊತ್ತಿಗೆ ಹುರುಪೆ ಉದುರಿ ಹೋಗಿರುತ್ತದೆ. ಆಗ ಬಿಟ್ಟರೆ ಈಜಿ ಹೋದಂತೆ ಕಂಡರೂ ಬಹುಪಾಲು ಆಮೇಲೆ ಸಾಯುತ್ತದೆ. ನಾರ್ವೆಯಲ್ಲಿ ಮ್ಯಾಕೆರೆಲ್ ಬಲೆಯ ಎಂಟರಲ್ಲಿ ಏಳು ಪಾಲು ಒಳಗೆ ಬಂದ ಮೇಲೆ ಮೀನು ಬಿಡುವಂತಿಲ್ಲವೆಂಬ ನಿಯಮ ಇರುವುದು ಇದಕ್ಕೇ.

ಮಾದರಿ ಅಳೆಯುವವರಿಗೆ ಒಂದು ಮಾತು. ಐವತ್ತು ಮೀನು ಅಳೆದು ಶೇ 10 ಮರಿ ಎಂದು ಬರೆದರೆ ನಿಜಸಂಖ್ಯೆ ಶೇ 2ರಿಂದ 18ರವರೆಗೆ ಎಲ್ಲಾದರೂ ಇರಬಹುದು. ನೂರು ಅಳೆದರೆ ಶೇ 4ರಿಂದ 16. ಆದ್ದರಿಂದ ನೂರಕ್ಕೆ ಕಡಿಮೆ ಬೇಡ, ಅದೂ ಒಂದೇ ಕ್ರೇಟಿನಿಂದಲ್ಲ, ಮೂರು ಕಡೆಯಿಂದ. ಮೇಲಿನ ಕ್ರೇಟಿನಲ್ಲಿ ದೊಡ್ಡ ಮೀನು ಜೋಡಿಸಿಡುವುದು ಯಾವ ಬಂದರಿಗೂ ಹೊಸತಲ್ಲ.

ಪೆರುವಿನಲ್ಲಿ ಆಂಚೊವೆಟಾ ಮೀನಿಗೆ ಈ ವ್ಯವಸ್ಥೆ ಬಹಳ ಮುಂದುವರಿದಿದೆ. 12 ಸೆಂ.ಮೀ.ಗಿಂತ ಸಣ್ಣದು ಶೇ 10 ಮೀರಿದರೆ ಆ ಜಾಗವನ್ನು ಕೆಲವು ದಿನ ಮುಚ್ಚುತ್ತಾರೆ. ಕೇಳಲು ಚೆಂದ. ಆದರೆ ಮುಚ್ಚಿದ ಜಾಗದ ಪ್ರಕಟಣೆ ಎಂದರೆ ‘ಇಲ್ಲಿ ಮೀನಿದೆ’ ಎಂದು ಡಂಗುರ ಸಾರಿದಂತೆ. ಬೋಟುಗಳು ಗಡಿಯಂಚಿಗೆ ಮುತ್ತಿಗೆ ಹಾಕಿ, ಅಲ್ಲಿ ಮರಿ ಹಿಡಿಯುವುದು ಇನ್ನಷ್ಟು ಏರಿದ್ದನ್ನು ಅಲ್ಲಿನ ದಾಖಲೆಗಳ ಅಧ್ಯಯನವೇ ತೋರಿಸಿದೆ. ನಮ್ಮಲ್ಲಿ ಮಾಡುವುದಾದರೆ ಮುಚ್ಚುವ ಜಾಗ ಅಗಲವಾಗಿರಬೇಕು.

ನಮ್ಮ ಕರಾವಳಿಗೆ ಕಾಲದ ಲೆಕ್ಕವೂ ಪೂರ್ತಿ ಕೂಡಿಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. ಬೂತಾಯಿ ಮೊಟ್ಟೆಯಿಡುವುದು ಮಳೆಗಾಲದಲ್ಲೇ, ಹಾಗಾಗಿ ತಾಯಿಮೀನಿಗೆ ರಕ್ಷಣೆ ಸಿಕ್ಕಿತು. ಆ ಮೊಟ್ಟೆಯಿಂದ ಬಂದ ಮರಿ ದಡದ ಹತ್ತಿರ ಹಿಂಡುಗಟ್ಟುವ ಹೊತ್ತಿಗೆ ಬೋಟುಗಳು ಕಡಲಲ್ಲಿರುತ್ತವೆ. ಬಸುರಿಗೆ ಉಪಚಾರ ಮಾಡಿ ಕೂಸನ್ನು ಬೀದಿಗೆ ಬಿಟ್ಟಂತೆ. ಎಲ್ಲ ಮೀನುಗಾರಿಕೆಯನ್ನೂ ಇನ್ನೆರಡು ತಿಂಗಳು ನಿಲ್ಲಿಸಿ ಎಂದರೆ ಯಾರೂ ಕೇಳುವುದಿಲ್ಲ. ಸೆಪ್ಟೆಂಬರ್‌, ಅಕ್ಟೋಬರ್‌ನಲ್ಲಿ ದಡಕ್ಕೆ ಹತ್ತಿರದ ಪಟ್ಟಿಯಲ್ಲಿ ಸುತ್ತುಬಲೆ ಬೇಡ ಎಂದರೆ ಕೇಳಬಹುದು.

ಇನ್ನು ಎಷ್ಟು ಹಿಡಿಯಬೇಕು ಎಂಬ ಪ್ರಶ್ನೆ. ಮೇವಿನ ಮೀನಿನ ವಿಷಯದಲ್ಲಿ ಪ್ರಶ್ನೆಯನ್ನು ತಿರುಗಿಸಿ, ಎಷ್ಟು ಬಿಡಬೇಕು ಎಂದು ಕೇಳಬೇಕು. ಕ್ಯಾಲಿಫೋರ್ನಿಯಾ ಕಡೆಯ ಸಾರ್ಡೀನ್ ಸೂತ್ರ ಸರಳ: ಕಡಲಲ್ಲಿರುವ ಅಂದಾಜು ಮೀನಿನಿಂದ ಮೊದಲು 1.5 ಲಕ್ಷ ಟನ್ ಕಳೆಯಬೇಕು. ಉಳಿದದ್ದರಲ್ಲಿ ನೀರಿನ ಬಿಸಿ ನೋಡಿ ಶೇ 5ರಿಂದ 20, ಅದರಲ್ಲೂ ಅಮೆರಿಕದ ನೀರಿನ ಪಾಲು ಶೇ 87. ನಾಲ್ಕು ಲಕ್ಷ ಟನ್ ಇದ್ದು ಶೇ 15 ಎಂದಿಟ್ಟುಕೊಂಡರೆ ಹಿಡಿಯಬಹುದಾದ್ದು 32,625 ಟನ್. ಒಂದೂವರೆ ಲಕ್ಷಕ್ಕಿಳಿದರೆ ಸೊನ್ನೆ. 2015ರಲ್ಲಿ ಹಾಗೇ ಆಗಿ ಅಲ್ಲಿನ ಮುಖ್ಯ ಮೀನುಗಾರಿಕೆ ನಿಂತಿತು. 2011ರಲ್ಲಿ ಪ್ರಕಟವಾದ ಅಧ್ಯಯನವೊಂದು 14 ಜಾತಿಯ ಕಡಲಹಕ್ಕಿಗಳ ದಾಖಲೆ ನೋಡಿ ಕೊಟ್ಟ ಗೆರೆಯೂ ಹೀಗೇ ಉಪಯುಕ್ತ: ಮೇವಿನ ಮೀನು ತನ್ನ ಅತಿ ಹೆಚ್ಚಿನ ಮಟ್ಟದ ಮೂರನೇ ಒಂದಕ್ಕಿಂತ ಕೆಳಗಿಳಿದರೆ ಹಕ್ಕಿಗಳ ಮರಿ ಉಳಿಯುವುದು ಕುಸಿಯುತ್ತದೆ.

‘ಬೂತಾಯಿ ತಾನಾಗಿಯೇ ಹೋಗುತ್ತದೆ, ತಾನಾಗಿಯೇ ಬರುತ್ತದೆ’ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಪರ್ಸೀನ್ ಹೆಸರೇ ಕೇಳದ 1940ರ ದಶಕದಲ್ಲೂ ಅದು ಕಾಣೆಯಾಗಿ, 1943ರಲ್ಲಿ ಮದ್ರಾಸ್ ಸರ್ಕಾರ ಬೂತಾಯಿ ಬಲೆಗಳ ಮೇಲೆ ನಿರ್ಬಂಧ ಹೇರಿತ್ತು. ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ ಹತ್ತಿರ ಬಂದದ್ದು 2021ರಲ್ಲಿ 3,297 ಟನ್‌ಗೆ ಇಳಿಯಿತು. ಕಡಲಿನ ಬಿಸಿ, ಎಲ್ ನಿನೊ ಎಲ್ಲದರ ಕೈವಾಡ ಅದರಲ್ಲಿದೆ. ಆದರೆ ಇಳಿಗಾಲದಲ್ಲೂ ಅದೇ ಭರದಲ್ಲಿ ಬಲೆ ಹಾಕಿದರೆ ಗುಂಡಿ ಆಳವಾಗುತ್ತದೆ, ಮೇಲೇಳುವುದು ತಡವಾಗುತ್ತದೆ. ಹಿಂಡುಗಟ್ಟುವ ಮೀನಿನ ಮೋಸವೇ ಇದು: ಕಡಲಲ್ಲಿ ಹತ್ತು ಹಿಂಡು ಇದ್ದಾಗಲೂ ಒಂದೇ ಉಳಿದಾಗಲೂ, ಹುಡುಕಿ ಸುತ್ತಿದ ಬೋಟಿಗೆ ಬಲೆ ತುಂಬಿಯೇ ಬರುತ್ತದೆ.

ನೂರಾರು ಇಳಿದಾಣವಿರುವ ನಮ್ಮಲ್ಲಿ ಟನ್ ಲೆಕ್ಕದ ಕೋಟಾ ನಡೆಯುವುದು ಅನುಮಾನ. ನಾನಾದರೆ ಫಿಶ್‌ಮೀಲ್ ಕಾರ್ಖಾನೆಯ ಗೇಟಿನಿಂದ ಶುರುಮಾಡುವೆ. ಒಂದು ಕಿಲೋ ಮೀನುಹುಡಿಗೆ ನಾಲ್ಕೈದು ಕಿಲೋ ಮೀನು ಬೇಕು, ಅಲ್ಲಿ ಮರಿಯಾದರೂ ದೊಡ್ಡದಾದರೂ ತೂಕವೇ ಲೆಕ್ಕ. ಕಿಲೋಗೆ ನೂರು ದಾಟಿದ ಲೋಡು ಒಳಗೆ ಹೋಗದು ಎಂದಾದರೆ ಕಡಲಿನಲ್ಲಿ ಪೊಲೀಸು ಬೇಕಿಲ್ಲ. ಷರತ್ತು ಒಂದೇ: ಕೇರಳ, ಕರ್ನಾಟಕ, ಗೋವಾ ಮೂರರಲ್ಲೂ ಒಂದೇ ಎಣಿಕೆ ಇರಬೇಕು. ಇಲ್ಲದಿದ್ದರೆ ಲಾರಿ ಗಡಿ ದಾಟುತ್ತದೆ.

ಕಡಲಿಗೆ ಸಾಕಷ್ಟು ಉಳಿದಿದೆಯೇ ಎಂದು ನೋಡಲು ಅಗ್ಗದ ದಾರಿಯೊಂದು ಮಾರುಕಟ್ಟೆಯಲ್ಲೇ ಇದೆ. ಅಂಜಲ್ ಕತ್ತರಿಸುವ ಕಡೆ ಎಸೆಯುವ ಹೊಟ್ಟೆಗಳನ್ನು ತಿಂಗಳಿಗೆ ನೂರು ಬಿಡಿಸಿ, ಒಳಗೆ ಬೂತಾಯಿಯೋ ಕೊಲ್ಲತರುವೋ ಬೊಂಡಾಸೋ (ಸ್ಕ್ವಿಡ್) ಎಂದು ಬರೆದಿಡಿ. ಖಾಲಿ ಹೊಟ್ಟೆಯನ್ನು ಹಸಿವು ಎಂದು ಬರೆಯಬೇಡಿ. ರಾತ್ರಿಯಿಡೀ ಬೀಡುಬಲೆಯಲ್ಲಿ (ಕಿವಿರು ಸಿಕ್ಕಿಸುವ ಬಲೆ) ಸಿಕ್ಕಿಬಿದ್ದಿದ್ದ ಮೀನು ತಿಂದದ್ದನ್ನೆಲ್ಲ ಕರಗಿಸಿರುತ್ತದೆ. ಬಲೆಯದ್ದಕ್ಕೂ ಗಾಳದ್ದಕ್ಕೂ ಬೇರೆ ಬೇರೆ ಪುಟ ಇರಲಿ.